ಮೈಲೇಜ್ ಮದ್ದಿನ ಪರೀಕ್ಷೆ

ಹೊಸ ಬೋರ್ಡನ್ನು ತಮ್ಮ ಹಾಕಿಸಿದ ದಿನವೇ ಅಣ್ಣನ ಮನಸ್ಸು ಮುರಿದಿತ್ತು. ಇಬ್ಬರ ಹೆಸರೂ ಇದ್ದ ಹಳೆಯ ತಗಡು ಇಳಿದು, ಗ್ಯಾರೇಜಿನ ಬಾಗಿಲ ಮೇಲೆ ಮೈಲೇಜ್ ಮದ್ದಿನ ಸೀಸೆ ಹಿಡಿದು ಹಲ್ಲು ಕಿರಿಯುವ ತಮ್ಮನ ಚಿತ್ರ ಏರಿತ್ತು. ಪೆಟ್ರೋಲಿಗೆ ಒಂದು ಮುಚ್ಚಳ ಬೆರೆಸಿದರೆ ಮೈಲೇಜ್ ಹೆಚ್ಚುತ್ತದಂತೆ! ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ಅಣ್ಣ, ಮುಂದೆ ನಿಂತು ಮದುವೆ ಮಾಡಿಸಿದ್ದು ಅಣ್ಣ. ಆ ತಮ್ಮನೇ ಗ್ಯಾರೇಜಿನ ಬಾಡಿಗೆ ಕರಾರನ್ನು ಗುಟ್ಟಾಗಿ ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡಿದ್ದ.

"ಟ್ಯಾಕ್ಸಿ ಕಂಪನಿಯೋರು ನಮ್ಮ ಮದ್ದು ಒಪ್ಕೊಂಡ್ರೆ ಈ ಜಾಗ ಗೋಡೌನ್ ಆಗುತ್ತೆ ಅಣ್ಣಾ. ನೀನು ಆರಾಮಾಗಿ ಮನೇಲಿರು. ಎಷ್ಟು ದಿನ ಅಂತ ಮಸಿ ಬಳ್ಕೊಂಡಿರ್ತೀಯ?"

ಅಣ್ಣ ನಕ್ಕು "ಆಗ್ಲಿ ಬಿಡಪ್ಪ" ಎಂದ. ಮದ್ದು ಸೋತರೆ ಗ್ಯಾರೇಜ್ ಉಳಿಯುತ್ತದೆ. ಅದನ್ನು ಸೋಲಿಸಬೇಕು, ತನ್ನ ಮೇಲೆ ಒಂದು ಹನಿ ಅನುಮಾನವೂ ಬೀಳಬಾರದು.

ಸೀಸೆಯಲ್ಲಿರುವುದು ಬಣ್ಣ ಹಾಕಿದ ಸೀಮೆಎಣ್ಣೆ ಎಂದು ಅವನಿಗೆ ಗೊತ್ತಿತ್ತು. ಮೈಲೇಜ್ ಇರುವುದು ಟಯರಿನ ಗಾಳಿಯಲ್ಲಿ, ಚೊಕ್ಕಟವಾದ ಫಿಲ್ಟರಿನಲ್ಲಿ, ಡ್ರೈವರನ ಬಲಗಾಲಿನಲ್ಲಿ. ಇದನ್ನು ಪುಕ್ಕಟೆ ಹೇಳಿದರೆ ಗಿರಾಕಿ ಆಕಳಿಸುತ್ತಾನೆ, ಸೀಸೆಯಲ್ಲಿ ತುಂಬಿ ಕೊಟ್ಟರೆ ಕೈ ಮುಗಿಯುತ್ತಾನೆ. ಪರೀಕ್ಷೆ ಮಾಡಿ ತಮ್ಮ ತೋರಿಸುವ ಚಮತ್ಕಾರವೂ ಅಷ್ಟೇ. ಕ್ಯಾನಿನಲ್ಲಿ ಅಳೆದ ಪೆಟ್ರೋಲು ಇಟ್ಟು, ಅದರಿಂದ ಎಂಜಿನ್ನಿಗೆ ಪೈಪು ಕೊಟ್ಟು, ಮುಗಿದು ನಿಲ್ಲುವವರೆಗೂ ಕಾರು ಓಡಿಸುವುದು. ಮೊದಲ ಸುತ್ತು ಬರಿಯ ಪೆಟ್ರೋಲು, ಎರಡನೆಯದು ಮದ್ದು ಬೆರೆಸಿದ್ದು. ತಣ್ಣಗಿನ ಎಂಜಿನ್ ಹೆಚ್ಚು ಕುಡಿಯುತ್ತದೆ, ಬಿಸಿಯಾದದ್ದು ತಾನಾಗಿಯೇ ಹೆಚ್ಚು ಓಡುತ್ತದೆ. ಹೆಸರು ಮಾತ್ರ ಮದ್ದಿಗೆ.

ಕಂಪನಿಯ ಮಾಲೀಕರಿಗೆ ಈ ಗುಟ್ಟು ಹೇಳಿಬಿಡಬಹುದಿತ್ತು. ಆದರೆ ಒಡಹುಟ್ಟಿದವನ ಹೊಟ್ಟೆಕಿಚ್ಚು ಎಂದುಕೊಂಡಾರು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ಜನರೆದುರು ತಮ್ಮನ ತಲೆ ತಗ್ಗುವುದನ್ನು ಅವನಿಗೆ ಕಣ್ಣಾರೆ ನೋಡಬೇಕಿತ್ತು.

ಉಪಾಯ ಸರಳವಾಗಿತ್ತು. ಎರಡು ಸುತ್ತುಗಳ ನಡುವೆ ಹ್ಯಾಂಡ್‌ಬ್ರೇಕಿನ ಕೇಬಲನ್ನು ತುಸು ಬಿಗಿದರೆ ಹಿಂದಿನ ಚಕ್ರಗಳು ಒಳಗೊಳಗೇ ಹಿಡಿದುಕೊಳ್ಳುತ್ತವೆ. ನಾಲ್ಕೂ ಟಯರಿನಿಂದ ಒಂದಿಷ್ಟು ಗಾಳಿ ಬಿಟ್ಟರೆ ಕಾರು ಇನ್ನಷ್ಟು ಜಗ್ಗುತ್ತದೆ. ಅರ್ಧದಾರಿಯಲ್ಲಿ ನಿಂತ ಕಾರನ್ನು ನೋಡಲು ಕರೆಯುವುದು ಹೇಗೂ ತನ್ನನ್ನೇ. ಆಗ ಎಲ್ಲವನ್ನೂ ಮೊದಲಿನಂತೆ ಮಾಡಿಬಿಟ್ಟರಾಯಿತು.

ಪರೀಕ್ಷೆಯ ದಿನ ಮಾಲೀಕರು ತಮ್ಮದೇ ಕಾರು, ತಮ್ಮದೇ ಡ್ರೈವರ್ ಕರೆದುಕೊಂಡು ಬಂದರು. ಅಣ್ಣ ಆ ಕಡೆ ಸುಳಿಯಲೇ ಇಲ್ಲ. ಮದ್ದಿನ ಹತ್ತಿರ ಇವನಿದ್ದ ಎಂದು ನಾಳೆ ಯಾರೂ ಬೆರಳು ತೋರಿಸಬಾರದು ನೋಡಿ. ಗ್ಯಾರೇಜಿನ ಹಿಂಬದಿಯಲ್ಲಿ ಬೇರೊಂದು ಕಾರಿನಡಿ ಅಂಗಾತ ಮಲಗಿ, ಮೊದಲ ಸುತ್ತು ಮುಗಿದು, ಕಾರು ವಾಪಸು ಬಂದು, ಎಲ್ಲರೂ ಚಹಾಕ್ಕೆ ರಸ್ತೆ ತುದಿಯ ಅಂಗಡಿಗೆ ಹೋಗುವವರೆಗೂ ಕಾದ. ಆಮೇಲೆ ಕೆಲಸ ಚಕಚಕನೆ ಮುಗಿಯಿತು. ಅನುಭವದ ಕೈ.

ಎರಡನೇ ಸುತ್ತಿಗೆ ಕಾರು ಹೊರಟಾಗ ತಮ್ಮ ಬೆವರುತ್ತಿದ್ದ, ಮುಖ ಬಿಳಿಚಿಕೊಂಡಿತ್ತು. "ಅಣ್ಣಾ, ಇವತ್ತು ನನ್ನ ಕತೆ ಮುಗೀತು" ಎಂದು ಪಿಸುಗುಟ್ಟಿದ. ಅಣ್ಣ ಅವನ ಬೆನ್ನು ಸವರಿ, "ಧೈರ್ಯವಾಗಿರೋ" ಎಂದ. ಎಷ್ಟೋ ದಿನಗಳ ಮೇಲೆ ಅವನ ಎದೆ ಹಗುರವಾಗಿತ್ತು.

ಕಾರು ಮೊದಲ ಸುತ್ತಿಗಿಂತ ಬಹಳ ಬೇಗ ನಿಂತುಬಿಟ್ಟಿತೆಂದು ಡ್ರೈವರ್ ಫೋನ್ ಮಾಡಿದ. ಅಣ್ಣ ತಮ್ಮನ ಮುಖವನ್ನೇ ನೋಡುತ್ತ ನಿಂತ. ಮಾಲೀಕರು ಎದ್ದು ಬಂದು ತಮ್ಮನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ, ಕ್ಷಮಿಸಿ. ಬಿಸಿ ಎಂಜಿನ್ ತಾನಾಗೇ ಜಾಸ್ತಿ ಓಡುತ್ತೆ ಅಂತ ನಂಗೂ ಗೊತ್ತು. ಅದಕ್ಕೇ ಹಟ ಹಿಡಿದು ಮದ್ದನ್ನ ಮೊದಲನೇ ಸುತ್ತಿಗೇ ಹಾಕಿಸಿದ್ದೆ. ಈಗ ಓಡಿದ್ದು ಬರೀ ಪೆಟ್ರೋಲು. ಮದ್ದಿಲ್ಲದೆ ಇಷ್ಟು ಬೇಗ ನಿಂತ್ಹೋಯ್ತು ಅಂದ್ರೆ, ನನ್ನ ಅಷ್ಟೂ ಕಾರಿಗೂ ನಿಮ್ಮ ಮದ್ದೇ!" ತಮ್ಮ ಅಳುತ್ತ ಬಂದು ಅಣ್ಣನನ್ನು ತಬ್ಬಿಕೊಂಡ. ಬಾಯಿ ಬಿಟ್ಟರೆ ಸಿಕ್ಕಿಬೀಳುವವನು ತಾನೇ ಎಂದು ಅಣ್ಣ ಮತ್ತೆ ಅವನ ಬೆನ್ನು ಸವರಿದ. ಆ ಕಾರನ್ನು ಅವನು ಮುಟ್ಟದೇ ಇದ್ದಿದ್ದರೆ ಮದ್ದು ತಾನಾಗಿಯೇ ಸೋಲುತ್ತಿತ್ತು.