ಏಳನೇ ಪ್ರಶ್ನೆ

ಅರ್ಜಿಯ ಏಳನೇ ಪ್ರಶ್ನೆ ಹೀಗಿತ್ತು: 'ನಿಮಗೆ ಮದುವೆಯಾದರೆ ಈ ನಾಯಿಯನ್ನು ಏನು ಮಾಡುತ್ತೀರಿ?'

ಬೊರಾಂ ಯೋಚಿಸಲೂ ಇಲ್ಲ. 'ನಾಯಿಯನ್ನು ಇಟ್ಟುಕೊಳ್ಳುತ್ತೇನೆ. ಗಂಡನನ್ನು ಏನು ಮಾಡುವುದೆಂದು ಆಮೇಲೆ ನೋಡಿದರಾಯಿತು' ಎಂದು ಬರೆದು, ಪೆನ್ನನ್ನು ಟಪ್ಪನೆ ಮೇಜಿನ ಮೇಲಿಟ್ಟಳು.

ನಾಯಿಗಳ ಶೆಲ್ಟರ್ ನೋಡಿಕೊಳ್ಳುವ ಇನ್‌ಸು ಅದನ್ನು ಎರಡು ಸಲ ಓದಿದ. ತುಟಿಯ ಒಂದು ಮೂಲೆ ನಗಲು ಹೊರಟು ಸುಮ್ಮನಾಯಿತು.

"ಕೊಡಕ್ಕಾಗಲ್ಲ ರೀ. ಮದುವೆಯಾಗದ ಹೆಣ್ಮಕ್ಕಳಿಗೆ ನಾವು ನಾಯಿ ಕೊಡಲ್ಲ."

"ಯಾಕೆ, ನಾವೇನು ಕಚ್ತೀವಾ?"

"ಇವತ್ತು ಮುದ್ದು ಮಾಡ್ತೀರಿ. ನಾಳೆ ಮದುವೆ ಆಗತ್ತೆ, ಅತ್ತೆ ಬೇಡ ಅಂತಾರೆ, ನಾಯಿ ವಾಪಸ್ ಬರತ್ತೆ. ಹೋಬಾಕ್ ಹಂಗೇ ಎರಡು ಸಲ ವಾಪಸ್ ಬಂದವನು."

ಹೋಬಾಕ್ ಎಂದರೆ ಕೊರಿಯನ್ ಭಾಷೆಯಲ್ಲಿ ಕುಂಬಳಕಾಯಿ. ನಾಯಿಯ ಬಣ್ಣವೂ ಅದೇ. ಯಾರದೋ ಹೊಲದಲ್ಲಿ ಒಂದು ಮಾರುದ್ದದ ಚೈನಿನಲ್ಲೇ ಬೆಳೆದದ್ದು. ಚೈನು ಕುತ್ತಿಗೆಯ ಮಾಂಸದೊಳಗೆ ಹೂತುಹೋಗಿತ್ತು. ಅಲ್ಲಿ ಈಗಲೂ ಕೂದಲಿಲ್ಲ. ಎರಡನೇ ಸಲ ವಾಪಸ್ ಬಂದಾಗ ಹನ್ನೊಂದು ದಿನ ಅನ್ನ ಮುಟ್ಟಲಿಲ್ಲವಂತೆ. ಕೋಳಿ ಸಾರಿನ ಬಟ್ಟಲು ಹಿಡಿದು ಹನ್ನೊಂದು ದಿನವೂ ಪಕ್ಕದಲ್ಲಿ ಕೂತವನು ಇದೇ ಇನ್‌ಸು. ಅವನು ಅದನ್ನು ಹೇಳುವಾಗ ಬೊರಾಂಗೆ ಮರುಕ ಬಂತು, ಆದರೆ ಸಿಟ್ಟು ಇಳಿಯಲಿಲ್ಲ.

"ಗಂಡಸರ ಅರ್ಜೀಲಿ ಈ ಏಳನೇ ಪ್ರಶ್ನೆ ಇದೆಯಾ?"

ಇನ್‌ಸು ಗಂಡಸರ ಅರ್ಜಿಯೊಂದನ್ನು ತೆಗೆದು ತಿರುಗಿಸಿ ನೋಡಿದ. ಇರಲಿಲ್ಲ.

"ಸರಿ. ನಾಳೆ ಬಸ್ಸಲ್ಲಿ ಸಿಗೋಣ" ಎಂದಳು ಬೊರಾಂ.

ಅದು ಬೆದರಿಕೆಯೇ ಆಗಿತ್ತು. ಆ ಊರಂಚಿಗೆ ಬರುವುದು ಹದಿನೇಳನೇ ನಂಬರಿನ ಬಸ್ಸೊಂದೇ. ಅದನ್ನು ಓಡಿಸುವವಳು ಬೊರಾಂ.

ಮರುದಿನ ಇನ್‌ಸು ಹತ್ತುವಷ್ಟರಲ್ಲಿ ಬಸ್ಸಿಗೆಲ್ಲ ಸುದ್ದಿ ಮುಟ್ಟಿತ್ತು. ಕಿಮ್ಚಿ ಉಪ್ಪಿನಕಾಯಿಗೆಂದು ಕೋಸಿನ ಗಂಟು ಹೊತ್ತು ಕೂತಿದ್ದ ಮಾಲ್‌ಸುನ್ ಅಜ್ಜಿ ಅವನನ್ನು ಹಿಡಿದುಕೊಂಡಳು.

"ಏನಯ್ಯಾ, ನಲವತ್ತು ಜನರ ಪ್ರಾಣ ಇವಳ ಕೈಗೆ ಕೊಟ್ಟು ಆರಾಮಾಗಿ ಕೂರ್ತೀಯ, ಒಂದು ನಾಯಿ ಕೊಡಕ್ಕೆ ಹೆದರ್ತೀಯಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಬೊರಾಂ ಕನ್ನಡಿಯಲ್ಲಿ ನೋಡಿದಳು: ಇನ್‌ಸುವಿನ ಕಿವಿ ಕೆಂಪಾಗಿತ್ತು. ಅವನೂ ಅದೇ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ಸಿಗ್ನಲ್ ಹಸಿರಾದದ್ದು ಅವಳಿಗೆ ಹಿಂದಿನ ಕಾರಿನ ಹಾರನ್ ಕೇಳಿದ ಮೇಲೆಯೇ ತಿಳಿಯಿತು.

ನಾಯಿ ಕೊಡದಿದ್ದರೇನು, ತಿರುಗಾಡಿಸಬಾರದೆಂಬ ನಿಯಮವಿರಲಿಲ್ಲ. ಪ್ರತಿ ಶನಿವಾರ ಬೊರಾಂ ಬಂದು ಹೋಬಾಕ್‌ನನ್ನು ಹೊಳೆಯ ದಂಡೆಗೆ ಕರೆದೊಯ್ದಳು. ಇನ್‌ಸು ಕಾವಲಿಗೆಂದು ಜೊತೆಗೆ ಬಂದ. ಸುಟ್ಟ ಗೆಣಸನ್ನು ಮೂರು ಪಾಲು ಮಾಡಿದಾಗ ದೊಡ್ಡದು ನಾಯಿಗೆ, ಆಮೇಲಿನದು ಅವಳಿಗೆ. ನಾಲ್ಕನೇ ಶನಿವಾರ ಬೊರಾಂ ಲಿಪ್‌ಸ್ಟಿಕ್ ಹಚ್ಚಿಕೊಂಡು ಹೊರಟಳು. ನಾಯಿಗೇನೂ ಅದು ಬೇಕಿರಲಿಲ್ಲ.

ಅದೇ ವಾರ ಚಿಕ್ಕಮ್ಮನ ಕಾಟ ತಾಳದೆ ಒಬ್ಬ ಗಂಡನ್ನು ನೋಡಲು ಕಾಫಿ ಅಂಗಡಿಗೆ ಹೋದಳು. ಸ್ವಂತ ಕ್ಲಿನಿಕ್ ಇದ್ದ ಹಲ್ಲಿನ ಡಾಕ್ಟರ್. ಬೊರಾಂ ಅವನಿಗೆ ಏಳನೇ ಪ್ರಶ್ನೆ ಕೇಳಿದಳು.

"ಅದೇನು ದೊಡ್ಡ ವಿಷಯ! ಹಳ್ಳೀಲಿ ದೊಡ್ಡಪ್ಪನ ತೋಟ ಇದೆ, ಕಳಿಸಿಬಿಡೋಣ. ಜಾಗ ಬೇಕಾದಷ್ಟಿದೆ" ಎಂದ ಅವನು.

ಜಾಗ ಎಷ್ಟಿದ್ದರೂ ಅಲ್ಲಿ ನಾಯಿಗೆ ಸಿಗುವುದು ಒಂದು ಮಾರು ಚೈನು. ಬೊರಾಂ ಅರ್ಧ ಕಾಫಿ ಬಿಟ್ಟು ಎದ್ದಳು.

ಐದನೇ ಶನಿವಾರ ಶೆಲ್ಟರಿನ ಮೇಜಿನೆದುರು ಕೂತು ಬೊರಾಂ ಇದನ್ನೆಲ್ಲ ಹೇಳಿದಾಗ ಇನ್‌ಸು ಜೇಬಿನಿಂದ ಒಂದು ಅರ್ಜಿ ತೆಗೆದು ಅವಳ ಮುಂದಿಟ್ಟ. ಅರ್ಜಿದಾರ: ಟಾಕ್ ಇನ್‌ಸು. ಏಳನೇ ಪ್ರಶ್ನೆಯನ್ನು ಕೈಯಿಂದಲೇ ಬರೆದು, ಉತ್ತರವನ್ನೂ ಬರೆದಿದ್ದ: 'ಹೋಬಾಕ್ ನಮ್ಮ ಜೊತೆಗೇ ಇರುತ್ತಾನೆ. ಹುಡುಗಿ ಹದಿನೇಳನೇ ನಂಬರ್ ಬಸ್ಸಿನ ಡ್ರೈವರ್. ಅವಳು ಒಪ್ಪಿದರೆ.'

"ಮದುವೆಯಾದ್ರೆ ನಿಯಮ ಅಡ್ಡ ಬರಲ್ಲ..." ಎಂದು ತೊದಲಿದ.

ಬೊರಾಂಳ ಕಣ್ಣು ತುಂಬಿತು. ಕೋಪವೂ ನೆತ್ತಿಗೇರಿತು.

"ನೀವು ನನಗೆ ಬೇಕು ಇನ್‌ಸು. ಬೇಕೇ ಬೇಕು. ಆದ್ರೆ ಹೋಬಾಕ್‌ನ ಗಂಡನ ಜೊತೆ ಬಿಟ್ಟಿ ಬಂದ ಸಾಮಾನಿನ ಥರ ತಗೊಳ್ಳಲ್ಲ. ಮೊದಲು ನನ್ನ ಅರ್ಜಿ. ಮದುವೆಯಾಗದ ಬೊರಾಂದು."

"ಇನ್ನೊಂದು ಸಲ ವಾಪಸ್ ಬಂದ್ರೆ ಅವನು ಉಳಿಯಲ್ಲ." ಇನ್‌ಸು ಹೋಬಾಕ್‌ನ ಬೋಳು ಕುತ್ತಿಗೆ ಸವರಿದ. "ನಂಗೆ ಭಯ ಆಗತ್ತೆ."

"ಎಂಟು ವರ್ಷದಿಂದ ಈ ದಾರೀಲಿ ದಿನಕ್ಕೆ ಆರು ಸಲ ಬರ್ತೀನಿ. ಒಂದು ದಿನ ಬರದೆ ಇದ್ದೀನಾ?"

ಅವನು ನಾಯಿಯನ್ನು ನೋಡಿದ, ಅವಳನ್ನು ನೋಡಿದ.

"ಹಿಮ ಬಿದ್ದ ದಿನಾನೂ ಬಂದ್ರಿ" ಎಂದ ಮೆಲ್ಲಗೆ.

ಎದ್ದು ಹೋಗಿ ಗೋಡೆಯ ಮೇಲಿದ್ದ ನಿಯಮದ ಹಾಳೆಯನ್ನು ಕಿತ್ತುಹಾಕಿದ. ಡ್ರಾಯರಿನಿಂದ ಅವಳ ಹಳೆಯ ಅರ್ಜಿ ತೆಗೆದ. ತಿರಸ್ಕರಿಸಿದ್ದನ್ನು ಬಿಸಾಡದೆ ಇಟ್ಟುಕೊಂಡಿದ್ದ. ಅದರ ಮೇಲೆ ಒಪ್ಪಿಗೆಯ ಸೀಲು ಒತ್ತಿದ.

ಬೊರಾಂ ಹೋಬಾಕ್‌ನ ಪಟ್ಟಿ ಕೈಗೆ ಸುತ್ತಿಕೊಂಡಳು. ಇನ್‌ಸುವಿನ ಅರ್ಜಿಯನ್ನು ಮಡಚಿ ಕೋಟಿನ ಒಳಜೇಬಿಗೆ ಸೇರಿಸಿದಳು.

"ಅದಕ್ಕೆ ಉತ್ತರ?"

"ಒಂಟಿ ಗಂಡಸರು ನೀವು. ಮನೆ ನೋಡದೆ ಹೆಂಗೆ ಒಪ್ಪೋದು?" ಬಾಗಿಲಲ್ಲಿ ತಿರುಗಿ ನಕ್ಕಳು. "ಸಂಜೆ ಕೋಳಿ ಸಾರು ಮಾಡಿಡಿ. ನೋಡಕ್ಕೆ ಬರ್ತೀವಿ. ನಾನು, ನನ್ನ ನಾಯಿ."