ತೇಲಬೇಕಾಗಿದ್ದ ಟೆರೇಸ್

ಕಬ್ಬಿಣದ ಸಲಾಕೆ ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು!

ಅರ್ಧ ಇಂಚು ಈಚೆ ಬಂದಿದ್ದರೆ ಇವತ್ತು ನಿಮ್ಮೆದುರು ಕೂತು ಮಾತಾಡುತ್ತಿರಲಿಲ್ಲ.

ಮೇಸ್ತ್ರಿಯ ಕೈ ತಿರುಚಿ ಸಲಾಕೆ ಕಿತ್ತುಕೊಂಡೆ. ಅರವತ್ತರ ಮುದುಕ. ಸಿಮೆಂಟ್ ಮೂಟೆಗಳ ಮೇಲೆ ಕುಸಿದು ಕೂತ.

"ಎಷ್ಟು ಕುಡಿದಿದ್ದೀಯಯ್ಯಾ?"

"ಊದಿ ತೋರಿಸ್ಲಾ? ಬನ್ನಿ ಹತ್ರ!"

ಹತ್ತಿರ ಹೋದೆ. ಬೆವರಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿಗೆ ನನಗೆ ಅನುಮಾನ ಶುರುವಾಯಿತು.

ನನ್ನ ಕಸುಬು ಗೊತ್ತಲ್ಲ ನಿಮಗೆ... ದೊಡ್ಡವರ ತಲೆನೋವು ವಾಸಿ ಮಾಡುವುದು. ಅವತ್ತಿನ ದೊಡ್ಡ ಮನುಷ್ಯ ಒಬ್ಬ ಆರ್ಕಿಟೆಕ್ಟ್. ಅವನ ಹೊಸ ಕಟ್ಟಡಕ್ಕೆ ವರ್ಷದ ಶ್ರೇಷ್ಠ ವಿನ್ಯಾಸದ ಪ್ರಶಸ್ತಿ ಬಂದಿತ್ತು. ಸಮಾರಂಭವೂ ಅಲ್ಲೇ, ಮೂರನೇ ಮಹಡಿಯ ಟೆರೇಸ್ ಮೇಲೆ. ಅಡಿಯಲ್ಲಿ ಒಂದು ಕಂಬವೂ ಇಲ್ಲದೆ ಕೊಳದ ಕಡೆಗೆ ಚಾಚಿಕೊಂಡ ಟೆರೇಸ್! "ಕುಡುಕ ಮೇಸ್ತ್ರಿ ಬಂದು ಫಂಕ್ಷನ್ ಕೆಡಿಸ್ತಾನೆ. ಆರು ಗಂಟೆ ತನಕ ಸ್ಟೋರ್ ರೂಮಲ್ಲಿ ಕೂಡಿಹಾಕು" ಎಂದಿದ್ದ. ಕೂಡಿಹಾಕಿದ್ದೆ. ನೀರು ಕೊಡೋಣವೆಂದು ಬಾಗಿಲು ತೆಗೆದಾಗ ಈ ಸಲಾಕೆ ಬೀಸಿದ್ದ.

"ಟೆರೇಸ್ ಸ್ಲ್ಯಾಬ್ ಹಾಕಿ ಹತ್ತೇ ದಿನ ಸಾರ್, ಇನ್ನೂ ಬಲ ಬಂದಿಲ್ಲ! ಕೆಳಗೆ ಆಸರೆಗೆ ನಲವತ್ತು ಕಬ್ಬಿಣದ ಜಾಕ್ ಕೊಟ್ಟಿದ್ದೆ. ಬೆಳಿಗ್ಗೆ ಎಲ್ಲಾ ಬಿಚ್ಚಿಸಿಬಿಟ್ರು!"

"ಯಾಕೆ?"

"ಫೋಟೋದಲ್ಲಿ ಅಸಹ್ಯವಾಗಿ ಕಾಣುತ್ತಂತೆ! ಟೆರೇಸ್ ತೇಲಬೇಕಂತೆ!"

ಥೂ! ಇಂಥವನ ಕೆಲಸಕ್ಕೆ ಒಪ್ಪಿಕೊಂಡಿದ್ದೆನಲ್ಲ!

"ಮೇಲೆ ಇನ್ನೂರು ಜನ ಇದ್ದಾರೆ..."

"ನನ್ನ ಮಗಳೂ ಇದ್ದಾಳೆ ಸಾರ್. ಟ್ರೋಫಿ ತಟ್ಟೆ ಹಿಡ್ಕೊಳ್ಳೋ ಕೆಲಸ. ತುತ್ತತುದೀಲಿ ನಿಲ್ಸಿದ್ದಾರೆ..." ಮುದುಕ ನನ್ನ ಕೈ ಹಿಡಿದುಕೊಂಡ. "ಕೂಗಬೇಡಿ ಸಾರ್. ಕೂಗಿದ್ರೆ ಓಡ್ತಾರೆ. ಓಡಿದ್ರೆ ಸ್ಲ್ಯಾಬ್ ತಡೆಯಲ್ಲ. ಒಬ್ಬೊಬ್ಬರೇ ನಿಧಾನಕ್ಕೆ ಈಚೆ ಬರಬೇಕು."

ಮೆಟ್ಟಿಲು ಹತ್ತಿ ಓಡಿದೆವು. ಎರಡನೇ ಮಹಡಿಯಲ್ಲಿ ಆರ್ಕಿಟೆಕ್ಟನ ಬೌನ್ಸರ್ ಅಡ್ಡ ನಿಂತ.

"ಮುದುಕನ್ನ ಯಾಕೆ ಬಿಟ್ಟೆ?"

"ಗಾಳಿಗೆ!"

ಉತ್ತರ ಅರ್ಥವಾಗುವ ಮೊದಲೇ ನನ್ನ ಮೊಣಕಾಲು ಅವನ ಹೊಟ್ಟೆಗೆ ಬಿದ್ದಿತ್ತು. ಆಸಾಮಿ ಕೆಳಗಿನ ಮಹಡಿಯವರೆಗೂ ಉರುಳಿದ.

ಟೆರೇಸ್ ಬಾಗಿಲು. ಹೊರಗೆ ರೇಷ್ಮೆ, ಸೆಂಟು, ಚಪ್ಪಾಳೆ. ಜ್ಯೂರಿಯ ಅಧ್ಯಕ್ಷೆ ಕಣ್ಣು ಮುಚ್ಚಿಕೊಂಡು ಭಾಷಣ ಬಿಗಿಯುತ್ತಿದ್ದರು. "ಈ ಟೆರೇಸಿಗೆ ತೂಕವೇ ಇಲ್ಲ... ಇದು ಬರೀ ಒಂದು ಉಸಿರು..."

ಮೇಸ್ತ್ರಿ ಹೊಸ್ತಿಲಲ್ಲಿ ಕೂತು ಕೆಂಪು ಕಾರ್ಪೆಟ್ ಎತ್ತಿದ.

ಕಟ್ಟಡಕ್ಕೂ ಟೆರೇಸಿಗೂ ನಡುವೆ ಬೆರಳು ತೂರುವಷ್ಟು ಬಿರುಕು!

ಆರ್ಕಿಟೆಕ್ಟ್ ನನ್ನ ಕಾಲರ್ ಹಿಡಿದ. "ಹೇರ್‌ಲೈನ್ ಕ್ರ್ಯಾಕ್ ಅಷ್ಟೆ! ಫಂಕ್ಷನ್ ಮುಗೀಲಿ, ನೋಡೋಣ."

ಅವನ ಬೂಟು ನೋಡಿದೆ. ಹೊಸ್ತಿಲಿನ ಈಚೆಗೇ ಇತ್ತು... ಅತಿಥಿಗಳನ್ನೆಲ್ಲ ಆಚೆ ಕಳಿಸಿ ತಾನು ಮಾತ್ರ ಒಳಗೆ ನಿಂತಿದ್ದ, ಕಳ್ಳ ನನ್ಮಗ!

ಅವನನ್ನು ಗೋಡೆಗೆ ತಳ್ಳಿ, ಬಾಗಿಲ ಬಳಿ ನಿಂತಿದ್ದ ನಿರೂಪಕಿಯ ಮೈಕ್ ಕಸಿದುಕೊಂಡೆ. ಇನ್ನೊಂದು ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದೆ.

"ಮಹನೀಯರೇ! ಮ್ಯಾಗಜಿನ್ ಕವರ್‌ಗೆ ಗ್ರೂಪ್ ಫೋಟೋ! ಒಳಗಿನ ಹಾಲ್‌ನಲ್ಲಿ! ನೀವು ಬರೋದನ್ನ ವಿಡಿಯೋ ಮಾಡ್ತಿದ್ದೀವಿ. ಒಬ್ಬೊಬ್ಬರೇ, ನಿಧಾನಕ್ಕೆ, ನಗ್ತಾ ಬನ್ನಿ. ಓಡಿದವರು ಫ್ರೇಮಿಂದ ಔಟ್!"

ಏನು ನಡಿಗೆ ಅಂತೀರಿ! ಹೊಟ್ಟೆ ಒಳಗೆಳೆದುಕೊಂಡು, ಗಲ್ಲ ಎತ್ತಿಕೊಂಡು, ತುಟಿಯ ಮೇಲೊಂದು ನಗು ಅಂಟಿಸಿಕೊಂಡು ಇನ್ನೂರು ಜನವೂ ಬಂದರು. ಜ್ಯೂರಿ ಅಧ್ಯಕ್ಷೆ ವಿಡಿಯೋಗೆಂದು ವಾಪಸ್ ಹೋಗಿ ಇನ್ನೊಂದು ಸಲ ನಡೆದು ಬರಲು ನೋಡಿದರು. ತಡೆದೆ. ಜೀವಭಯ ಹುಟ್ಟಿಸಿದ್ದರೆ ಒಬ್ಬರನ್ನೊಬ್ಬರು ತುಳಿದು ಸಾಯುತ್ತಿದ್ದರು.

ಟೆರೇಸ್ ಖಾಲಿಯಾಯಿತು.

ಇಲ್ಲ... ಖಾಲಿಯಾಗಿರಲಿಲ್ಲ!

ತುದಿಯಲ್ಲಿ ಆ ಹುಡುಗಿ ತಟ್ಟೆ ಹಿಡಿದು ನಿಂತೇ ಇದ್ದಳು. ಅವಳನ್ನು ಯಾವತ್ತೂ ಯಾರೂ ಫೋಟೋಗೆ ಕರೆದಿರಲಿಲ್ಲ. ಹಾಗಾಗಿ ನನ್ನ ಮಾತು ತನಗಲ್ಲ ಎಂದುಕೊಂಡಿದ್ದಳು.

"ಪುಟ್ಟೀ..." ಮೇಸ್ತ್ರಿ ಪಿಸುಗುಟ್ಟಿದ. ಅವನು ಕಾಲಿಡಲು ಹೋದ. ಹಿಂದಕ್ಕೆಳೆದು ನಾನು ಹೋದೆ.

ಕಾಲಡಿ ಏನೋ ಲಟಕ್ ಎಂದಿತು. ಜೀವ ಬಾಯಿಗೆ ಬಂತು, ಸುಳ್ಳು ಹೇಳುವುದಿಲ್ಲ.

"ತಟ್ಟೆ ಕೆಳಗಿಡು ತಾಯಿ. ಫೋಟೋಗೆ ಬಾ."

"ನಾನಾ? ನಾನ್ಯಾಕೆ ಸಾರ್?"

"ನೀನೇ. ಮೆಲ್ಲಗೆ... ನನ್ನ ಕೈ ಹಿಡ್ಕೋ."

ಇಪ್ಪತ್ತು ಹೆಜ್ಜೆ. ಹೊಸ್ತಿಲು ದಾಟಿದೆವು. ಮೇಸ್ತ್ರಿ ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ.

"ನನ್ನ ಟ್ರೋಫಿ!" ಆರ್ಕಿಟೆಕ್ಟ್ ಕಿರುಚಿದ. "ಅಲ್ಲೇ ಬಿಟ್ಟು ಬಂದ್ಯಾ?"

"ಹೇರ್‌ಲೈನ್ ಕ್ರ್ಯಾಕ್ ಅಷ್ಟೆ ಅಲ್ವಾ ಸಾರ್?" ಮೈಕ್‌ನಲ್ಲೇ ಕೇಳಿದೆ. "ಹೋಗಿ ತಗೊಂಡ್ಬನ್ನಿ."

ಇನ್ನೂರು ಜೊತೆ ಕಣ್ಣು ಅವನ ಬೂಟಿನ ಮೇಲೆ ನೆಟ್ಟವು. ಬೂಟು ಅಲ್ಲಾಡಲಿಲ್ಲ.

ಆಗ ಮುರಿಯಿತು ನೋಡಿ... ಟೆರೇಸ್ ಅಷ್ಟೂ ಒಂದೇ ಸಲಕ್ಕೆ ಕೊಳಕ್ಕೆ!

ಧೂಳು ಅಡಗಿತು. ಪೊಲೀಸರಿಗೆ ಫೋನ್ ಮಾಡಿ ಆರ್ಕಿಟೆಕ್ಟನನ್ನು ಕುರ್ಚಿಯಲ್ಲಿ ಕೂರಿಸಿದೆ. ಅಷ್ಟರಲ್ಲಿ ಯಾರೋ ನನ್ನ ತೋಳು ತಟ್ಟಿದರು. ಜ್ಯೂರಿ ಅಧ್ಯಕ್ಷೆ. ತಲೆ ತುಂಬ ಸಿಮೆಂಟ್ ಧೂಳು, ಕೈಯಲ್ಲಿ ಲಿಪ್‌ಸ್ಟಿಕ್.

"ಆ ಕವರ್ ಫೋಟೋ... ಈಗ ತೆಗೀತೀರಾ?"

"ತೆಗೀತೀನಿ ಮೇಡಂ. ಮುಂದಿನ ಸಾಲು ಮೇಸ್ತ್ರಿಗೂ ಅವನ ಮಗಳಿಗೂ. ನೀವು ಹಿಂದೆ ಹೋಗಿ!"