ಸ್ಟೇಷನ್ ಕೈ ಬದಲಾದಾಗ

ಇಂಜಿನಿಯರ್ ತಾರಸಿಯ ಮೇಲೆ ನಗುತ್ತಿದ್ದ. ಕೆಳಗಿನಿಂದ ಅದನ್ನು ಕಂಡ ನಿರೂಪಕಿ ನಡೆಯುವುದನ್ನು ಬಿಟ್ಟು ಅಲ್ಲೇ ನಿಂತಳು.

ಅವನು ಸುಲಭಕ್ಕೆ ನಗುವ ಆಸಾಮಿಯಲ್ಲ. ರೇಡಿಯೋ ಸ್ಟೇಷನ್ನಿನಲ್ಲಿ ಅವನಿಗೆ ಗುಮ್ಮಣ್ಣ ಅಂತಲೇ ಹೆಸರು. ಅಂಥವನು ಈಗ ತಾರಸಿಯ ಮೇಲಿನ ಟವರಿನ ಬುಡದಲ್ಲಿ ನಿಂತು, ಬಿಳಿ ಕಾರಿನಲ್ಲಿ ಬಂದಿಳಿದ ಯಾರೋ ಹೆಂಗಸಿನೊಂದಿಗೆ ಹಲ್ಲು ಕಾಣುವಂತೆ ನಗುತ್ತಿದ್ದಾನೆ.

ಸ್ಟೇಷನ್ ಮಾರಾಟಕ್ಕಿದೆಯಂತೆ ಎಂಬ ಸುದ್ದಿ ಹುಟ್ಟಿ ತಿಂಗಳಾಗಿತ್ತು. ಊರಲ್ಲಿ ಬಾಯಿಗೊಂದು ಮಾತು. ದೂರದ ದೊಡ್ಡ ಕಂಪನಿಯೊಂದು ಕೊಳ್ಳುತ್ತದಂತೆ, ಕಾರ್ಯಕ್ರಮವೆಲ್ಲ ಅಲ್ಲಿಂದಲೇ ಬರುತ್ತದಂತೆ, ಇಲ್ಲಿ ಒಂದು ಕಂಪ್ಯೂಟರು, ಒಂದು ಬೀಗ ಉಳಿಯುತ್ತದಂತೆ. ಕ್ಷೌರದಂಗಡಿಯವನಂತೂ ಸಿಮೆಂಟ್ ವ್ಯಾಪಾರಿಯೊಬ್ಬ ಇದನ್ನು ಕೊಂಡು ಮಗಳ ಮದುವೆಗೆ ಉಡುಗೊರೆ ಕೊಡುತ್ತಾನೆಂದು ಆಣೆಯಿಟ್ಟು ಹೇಳಿದ್ದ. ಜಾಹೀರಾತು ವಿಭಾಗದ ಅಕ್ಕ ತಂದ ಸುದ್ದಿ ಬೇರೆಯೇ: ಗುಮ್ಮಣ್ಣನಿಗೆ ಹೊಸಬರ ಹತ್ತಿರ ದೊಡ್ಡ ಕೆಲಸ ಆಗಲೇ ಗಟ್ಟಿಯಾಗಿದೆ.

ಆಗ ನಿರೂಪಕಿ ಅದನ್ನು ನಂಬಿರಲಿಲ್ಲ. ಎಷ್ಟೋ ವರ್ಷಗಳಿಂದ ಬೆಳಗಿನ ಕಾರ್ಯಕ್ರಮಕ್ಕೆ ಅವಳು ಸ್ಟುಡಿಯೋ ಗಾಜಿನ ಈಚೆ, ಅವನು ಆಚೆ. ಹೆಡ್‌ಫೋನಿನಲ್ಲಿ ಅವನಾಡುತ್ತಿದ್ದುದು ಎರಡೇ ಮಾತು, ಅದೂ ಮೈಕಿನಿಂದ ಸ್ವಲ್ಪ ಹಿಂದೆ ಸರಿಯಿರಿ ಎನ್ನುವಂಥದ್ದು. ಆದರೆ ಅವಳ ಗಂಟಲು ಕಟ್ಟಿದ ದಿನ, ಕೇಳುವ ಮೊದಲೇ ಬಿಸಿನೀರಿನ ಲೋಟ ಮೇಜಿನ ಮೇಲಿರುತ್ತಿತ್ತು. ತಲೆಯೆತ್ತಿ ನೋಡಿದರೆ ಅವನು ಯಂತ್ರದ ಗುಂಡಿಗಳ ಮೇಲೆ ಬಗ್ಗಿ, ಜಗತ್ತೇ ಮರೆತವನಂತೆ ಕೂತಿರುತ್ತಿದ್ದ. ಕಿವಿಯ ತುದಿ ಮಾತ್ರ ಕೆಂಪಗಾಗಿರುತ್ತಿತ್ತು. ಅದನ್ನು ನೋಡುವುದಕ್ಕೆಂದೇ ಅವಳು ಎಷ್ಟೋ ಸಲ ಸುಮ್ಮಸುಮ್ಮನೆ ಕೆಮ್ಮಿದ್ದಳು.

ಈಗ ಆ ನಗು ಕಂಡ ಮೇಲೆ ಅಕ್ಕನ ಮಾತು ನಿಜವೆನಿಸಿತು. ‘ಗುಮ್ಮಣ್ಣ ಅಲ್ಲ, ಗುಮ್ಮನಗುಸಕ,’ ಎಂದುಕೊಂಡು ಅವಳು ಒಳಗೆ ಹೋದಳು. ಮಾರನೆಯ ದಿನ ಗಾಜಿನತ್ತ ಕಣ್ಣೆತ್ತಲಿಲ್ಲ. ಅವನು ಏನೋ ಹೇಳಲು ಹೊರಟಾಗ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಹಾಗೇ ವಾರ ಕಳೆಯಿತು.

ಕೊನೆಗೊಂದು ಮಧ್ಯಾಹ್ನ ಮಾಲೀಕರು ಎಲ್ಲರನ್ನೂ ಕೂರಿಸಿಕೊಂಡರು. ವಯಸ್ಸಾಯಿತು, ಇನ್ನು ಓಡಾಡಲಾಗದು, ಸ್ಟೇಷನ್ ಕೊಟ್ಟುಬಿಟ್ಟೆ ಎಂದರು. ಕೊಂಡವಳು ಪಕ್ಕದೂರಿನಲ್ಲಿ ಸಣ್ಣ ಸ್ಟೇಷನ್ ನಡೆಸುತ್ತಿರುವ ಹೆಂಗಸು, ಬಿಳಿ ಕಾರಿನವಳೇ. ಇನ್ನು ಮಧ್ಯಾಹ್ನ, ಸಂಜೆಯ ಕಾರ್ಯಕ್ರಮ ಅಲ್ಲಿಂದ. ಬೆಳಗಿನದು ಮಾತ್ರ ಇಲ್ಲಿಯದೇ.

‘ಅದು ಉಳಿದದ್ದು ಇವನಿಂದ ಕಣಮ್ಮ,’ ಎಂದು ಅವರು ನಿರೂಪಕಿಯತ್ತ ತಿರುಗಿ ಇಂಜಿನಿಯರನ ಕಡೆ ಕೈ ತೋರಿಸಿದರು.

ಈ ಕಾಲದಲ್ಲಿ ಬೆಳಗ್ಗೆ ರೇಡಿಯೋ ಯಾರು ಕೇಳುತ್ತಾರೆ ಎಂದು ಆಕೆ ತಾರಸಿಯ ಮೇಲೆ ಕೇಳಿದಳಂತೆ. ನಾನಂತೂ ರಜೆಯ ದಿನವೂ ಬಿಡುವುದಿಲ್ಲ ಎಂದನಂತೆ ಇವನು. ಇಬ್ಬರೂ ನಕ್ಕರಂತೆ. ಆ ವಾರದಲ್ಲೇ ಒಂದು ದಿನ ರಜೆ ಹಾಕಿ, ಬೆಳಗಿನ ಕಾರ್ಯಕ್ರಮ ನಡೆಯುತ್ತಿರುವಾಗಲೇ ಆಕೆಯನ್ನು ತರಕಾರಿ ಮಾರ್ಕೆಟ್ಟಿಗೂ ಬಸ್‌ಸ್ಟ್ಯಾಂಡಿಗೂ ಕರೆದೊಯ್ದನಂತೆ. ಅಂಗಡಿಯಿಂದ ಅಂಗಡಿಗೆ ರೇಡಿಯೋದಲ್ಲಿ ಒಂದೇ ದನಿ, ನಿರೂಪಕಿಯದು. ಬೆಳಗಿನದು ಇಲ್ಲೇ ಇರಲಿ ಎಂದಳಂತೆ ಆಕೆ.

ನಿರೂಪಕಿಗೆ ನೆಲ ನೋಡುವಂತಾಯಿತು. ಜ್ವರ ಬಂದಾಗಲೂ ರಜೆ ಹಾಕದಿದ್ದವನು ಆ ದಿನ ಬಂದಿರಲಿಲ್ಲ. ಅವನ ಜಾಗದಲ್ಲಿ ಬೇರೊಬ್ಬನಿದ್ದದ್ದನ್ನೂ ಅವಳು ತಲೆಯೆತ್ತಿ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ, ಹಾಡು ಹಾಕಿದ ಮೇಲೆ ಅವಳೇ ಮಾತು ತೆಗೆದಳು.

‘ನನಗ್ಯಾಕೆ ಹೇಳ್ಲಿಲ್ಲ?’

‘ನೀವು ಹೆಡ್‌ಫೋನ್ ತೆಗೆದಿಟ್ಟಿದ್ರಿ.’

‘ತಪ್ಪಾಯ್ತು. ಈಗ ಹಾಕ್ಕೊಂಡಿದ್ದೀನಿ.’

ಗಾಜಿನಾಚೆ ಅವನು ಗುಂಡಿಯೊಂದನ್ನು ಸುಮ್ಮನೆ ತಿರುಗಿಸಿದ, ಮತ್ತೆ ಮೊದಲಿನಂತೆಯೇ ಇಟ್ಟ.

‘ಇನ್ಮೇಲೆ ವಾರಕ್ಕೆ ಮೂರು ದಿನ ಆ ಊರಲ್ಲಿ ಕೆಲ್ಸ. ಕೆಲ್ಸ ಏನೋ ಮಾಡ್ತೀನಿ. ಆದ್ರೆ ಆ ಮೂರು ದಿನ ನೀವು ಕಾಣಲ್ವಲ್ಲ.’

‘ಮಿಕ್ಕ ದಿನ ಗಾಜಿನಿಂದ ನೋಡಿದ್ರೆ ಸಾಕಾ?’

ಅವನು ಮೊದಲ ಸಲ ನೇರ ಅವಳ ಕಣ್ಣನ್ನೇ ನೋಡಿದ. ಕಿವಿಯೇನು, ಮುಖವಿಡೀ ಕೆಂಪಾಗಿತ್ತು.

‘ಸಾಲ್ದು. ನಿಮ್ಮನ್ನ ಮದ್ವೆ ಆಗ್ಬೇಕು ಅಂತಿದ್ದೀನಿ. ಹಾಡು ಮುಗೀತು, ಮೈಕ್ ಆನ್ ಮಾಡ್ತೀನಿ.’

ಕೆಂಪು ದೀಪ ಹತ್ತಿತು. ಊರಿಗೆ ಊರೇ ಕಾಯುತ್ತಿತ್ತು. ಮಾರ್ಕೆಟ್ಟಿನ ದರ ಓದುತ್ತ ಅವಳು ಟೊಮೆಟೊ ರೇಟನ್ನು ಈರುಳ್ಳಿಗೆ ಹೇಳಿದಳು, ತಿದ್ದಿಕೊಳ್ಳಲು ಹೋಗಿ ನಕ್ಕಳು, ನಗು ತಡೆಯಲಾರದೆ ಇನ್ನೊಂದು ಹಾಡು ಹಾಕಿಸಿದಳು.

ಕಾರ್ಯಕ್ರಮ ಮುಗಿಯುವುದನ್ನೇ ಕಾದಿದ್ದವಳಂತೆ ಅಮ್ಮ ಫೋನ್ ಮಾಡಿದಳು.

‘ಇವತ್ತೇನೇ ಆಗಿತ್ತು ನಿನಗೆ?’

ಇಂಜಿನಿಯರ್ ಬಾಗಿಲಲ್ಲಿ ನಿಂತಿದ್ದ. ನಡುವೆ ಗಾಜಿರಲಿಲ್ಲ. ಅವನನ್ನೇ ನೋಡುತ್ತ ಅವಳೆಂದಳು:

‘ಅಮ್ಮಾ, ಭಾನುವಾರ ಒಬ್ರನ್ನ ಮನೆಗೆ ಕರ್ಕೊಂಡು ಬರ್ತೀನಿ. ಅವ್ರು ಮಾತಾಡೋದು ಕಮ್ಮಿ. ಆದ್ರೆ ಹೇಳ್ಬೇಕಾದ್ದನ್ನ ಹೇಳ್ತಾರೆ.’